ಹಿಂದೆ ಸರಿಯುವ ವಿದ್ಯೆ

ಮುನ್ನುಗ್ಗುವವರನ್ನು ಹೊಗಳುವ ಲೋಕ ಇದು. ನಮ್ಮ ಕಾಲೇಜಿನ ಭಾಷಣಸ್ಪರ್ಧೆಗಳಲ್ಲಿ ‘ಮುನ್ನುಗ್ಗಿ’ ಎಂಬ ಮಾತು ಎಷ್ಟು ಸಲ ಕೇಳಿಬರುತ್ತದೆಂಬುದನ್ನು ವಾಚಕರೇ ಬಲ್ಲರು. ಹೀಗಿರುವಾಗ, ನಾನು ಮೂರು ವರ್ಷ ಕಷ್ಟಪಟ್ಟು ಕಲಿತದ್ದು ಹಿಂದೆ ಸರಿಯುವುದನ್ನು ಎಂದರೆ ಮಿತ್ರರು ನಕ್ಕಾರು. ಕಲಿತದ್ದು ವಿಡಿಯೋ ಆಟದಲ್ಲಿ ಎಂದರೆ ಅಧ್ಯಾಪಕರು ಹಾಜರಿ ಪುಸ್ತಕವನ್ನು ತೆಗೆದು ನೋಡಿಯಾರು. ಎರಡಕ್ಕೂ ಸಿದ್ಧನಾಗಿಯೇ ಈ ಪ್ರಬಂಧಕ್ಕೆ ಕೈಹಾಕಿದ್ದೇನೆ.

ನಮ್ಮೂರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ. ನಮ್ಮ ತಾಲ್ಲೂಕು, ತಿಪಟೂರು, ತುರುವೇಕೆರೆ, ಈ ಮೂರು ಕಡೆಯೂ ಜನ ಬದುಕುವುದು ತೆಂಗಿನ ನೆರಳಿನಲ್ಲಿ. ಮಗಳ ಮದುವೆ, ಮಗನ ಓದು, ಸೊಸೈಟಿಯ ಸಾಲ, ಎಲ್ಲಕ್ಕೂ ತಿಪಟೂರಿನ ಕೊಬ್ಬರಿ ಧಾರಣೆಯೇ ಪಂಚಾಂಗ. ಇಂಥ ಊರಿಗೆ 2020ರ ಲಾಕ್‌ಡೌನಿನಲ್ಲಿ ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಬಂದ. ಬಟ್ಟೆಯ ಚೀಲದ ಜೊತೆಗೆ ಹಳೆಯ ಪ್ಲೇಸ್ಟೇಷನ್ ಪೆಟ್ಟಿಗೆಯೊಂದನ್ನೂ ಹೊತ್ತು ತಂದ. ಅದರಲ್ಲಿದ್ದ ಆಟ ಒಂದೇ, ಟೆಕ್ಕೆನ್ 7. ಇಬ್ಬರು ಆಳುಗಳು ಎದುರುಬದುರು ನಿಂತು ಕೈಕಾಲುಗಳಿಂದ ಹೊಡೆದಾಡುವ ಜಪಾನಿನ ಆಟ.

ಮೊದಲ ವಾರ ನಾನು ಸಿಕ್ಕಿದ ಗುಂಡಿಯನ್ನೆಲ್ಲ ಒತ್ತಿ ಮುನ್ನುಗ್ಗಿದೆ. ಅಣ್ಣ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ನನ್ನ ಏಟು ಗಾಳಿಗೆ ಬೀಳುತ್ತಿತ್ತು. ನಾನು ಕೈ ಹಿಂದೆ ಎಳೆದುಕೊಳ್ಳುವುದರೊಳಗೆ ಅವನ ಗುದ್ದು ನನ್ನ ಗಲ್ಲಕ್ಕೆ ಬಂದಿರುತ್ತಿತ್ತು. ಎಣಿಸಿಟ್ಟಿದ್ದೇನೆ: ಮೊದಲ ವಾರದ 70 ಆಟಗಳಲ್ಲಿ ನಾನು ಗೆದ್ದದ್ದು ಒಂದು. ಅದೂ ಅವನಿಗೆ ಫೋನು ಬಂದಿದ್ದಾಗ.

ಇದರ ಗುಟ್ಟು ಕಾಲದಲ್ಲಿದೆ. ಈ ಆಟದಲ್ಲಿ ಒಂದು ಸೆಕೆಂಡು 60 ಚಿತ್ರಗಳಾಗಿ ಒಡೆದಿರುತ್ತದೆ. ಅತಿ ಚುರುಕಿನ ಗುದ್ದು 10ನೆಯ ಚಿತ್ರಕ್ಕೆ ತಗಲುತ್ತದೆ, ಎಂದರೆ ಸೆಕೆಂಡಿನ ಆರನೆಯ ಒಂದು ಪಾಲಿನಲ್ಲಿ. ಕಣ್ಣು ಕಂಡದ್ದಕ್ಕೆ ಬೆರಳು ಆಡಬೇಕಾದರೆ ಮನುಷ್ಯನಿಗೆ ಹೆಚ್ಚುಕಡಿಮೆ ಕಾಲು ಸೆಕೆಂಡು, ಎಂದರೆ 15 ಚಿತ್ರಗಳಷ್ಟು ಹೊತ್ತು ಬೇಕು. ಆದುದರಿಂದ ಆ ಗುದ್ದನ್ನು ಕಂಡ ಮೇಲೆ ತಪ್ಪಿಸಿಕೊಳ್ಳುವುದು ಆಗದ ಮಾತು. ಅದು ಹೊರಡುವ ಮೊದಲೇ ಅದರ ಅಳತೆಗೆ ಸಿಕ್ಕದ ಜಾಗದಲ್ಲಿ ನಿಂತಿರಬೇಕು. ಹಿಂದೆ ಸರಿಯುವುದು ಹೇಡಿತನವಲ್ಲ, ಲೆಕ್ಕಾಚಾರ.

ಸರಿಯುವುದಾದರೂ ಸುಲಭವೆ? ಹಿಂದಿನ ದಿಕ್ಕಿನ ಗುಂಡಿಯನ್ನು ಎರಡು ಸಲ ಒತ್ತಿದರೆ ಆಳು ಒಂದು ನೆಗೆತ ಹಿಂದಕ್ಕೆ ಹೋಗುತ್ತಾನೆ. ಆದರೆ ಕಾಲೂರಿ ಸುಧಾರಿಸಿಕೊಳ್ಳುವವರೆಗೆ ಅವನಿಗೆ ಇನ್ನೊಂದು ನೆಗೆತದ ಅಪ್ಪಣೆಯಿಲ್ಲ. ಇದಕ್ಕೊಂದು ಉಪಾಯವುಂಟು, ಕೊರಿಯದ ಆಟಗಾರರಿಂದ ಪ್ರಸಿದ್ಧವಾಗಿ ಅವರ ನಾಡಿನ ಹೆಸರಿನಲ್ಲಿಯೇ ಕೊರಿಯನ್ ಬ್ಯಾಕ್‌ಡ್ಯಾಶ್ ಎನಿಸಿಕೊಂಡಿದೆ. ನೆಗೆತದ ನಡುವೆ ಹಿಂದಿನ ಕೆಳಮೂಲೆಯನ್ನು ಒತ್ತಿ ಕುಳಿತುಕೊಳ್ಳುವವನಂತೆ ನಟಿಸಬೇಕು. ಆ ನಟನೆಯಿಂದ ಸುಧಾರಿಸಿಕೊಳ್ಳುವ ಹೊತ್ತು ಕತ್ತರಿಸಿಹೋಗುತ್ತದೆ. ಕೂಡಲೇ ಹಿಂದಕ್ಕೆ, ಬೆರಳು ಬಿಟ್ಟು ಮತ್ತೆ ಹಿಂದಕ್ಕೆ. ಮೂಲೆಯಲ್ಲಿ ಬೆರಳು ಕೊಂಚ ಹೆಚ್ಚು ನಿಂತಿತೋ, ಆಳು ನಿಜವಾಗಿಯೂ ಕುಳಿತೇಬಿಡುತ್ತಾನೆ. ಕುಳಿತವನ ಹೊಟ್ಟೆಗೆ ಒದೆತ. ಬೇಗ ಬಿಟ್ಟಿತೋ, ಎರಡನೆಯ ನೆಗೆತವೇ ಇಲ್ಲ.

ಇದಕ್ಕಿಂತ ಕಠಿನವಾದುದು ಕಜುಯಾ ಎಂಬ ಆಳಿನ ಮಿಂಚಿನ ಗುದ್ದು. ಮುಂದೆ, ಬಿಡು, ಕೆಳಗೆ, ಮುಂದಿನ ಕೆಳಮೂಲೆ. ಈ ಕೊನೆಯದೂ ಬಲಗೈ ಗುದ್ದಿನ ಗುಂಡಿಯೂ ಒಂದೇ ಚಿತ್ರದಲ್ಲಿ ಬೀಳಬೇಕು. ಬಿದ್ದರೆ ಕೈಯಲ್ಲಿ ಮಿಂಚು ಹೊಳೆಯುತ್ತದೆ. ಎದುರಾಳಿ ಅಡ್ಡಗೈ ಹಿಡಿದರೂ ನಮಗೆ ಅಪಾಯವಿಲ್ಲ. ಒಂದು ಚಿತ್ರ ತಪ್ಪಿದರೆ ಬರುವುದು ಬರಿಯ ಗುದ್ದು. ಅದನ್ನು ತಡೆದವನು ತಿರುಗಿ ಬಾರಿಸುತ್ತಾನೆ. ಸೆಕೆಂಡಿನ 60ನೆಯ ಒಂದು ಪಾಲಿಗೆ ಇಷ್ಟು ಬೆಲೆ! ಲಾಹೋರಿನ ಅರ್ಸ್ಲಾನ್ ಆಷ್ ಎಂಬ ತರುಣ 2019ರಲ್ಲಿ ಮೊದಲು ಜಪಾನಿನಲ್ಲಿ, ಆಮೇಲೆ ಅಮೆರಿಕದ ಲಾಸ್ ವೇಗಸ್‌ನಲ್ಲಿ ಇವೋ ಎಂಬ ಮಹಾಸ್ಪರ್ಧೆಗಳನ್ನು ಈ ಆಟದಲ್ಲಿ ಗೆದ್ದುದನ್ನು ಅಣ್ಣ ಮೊಬೈಲಿನಲ್ಲಿ ತೋರಿಸಿದ. ಲಾಹೋರಿನವನಿಗೆ ಸಾಧ್ಯವಾದದ್ದು ಹಂದನಕೆರೆಯವನಿಗೇಕೆ ಆಗಬಾರದೆಂದು ನನಗೂ ಹುಚ್ಚು ಹಿಡಿಯಿತು.

ಅಣ್ಣ ಬೆಂಗಳೂರಿಗೆ ಮರಳಿದ. ಪೆಟ್ಟಿಗೆ ನಮ್ಮಲ್ಲಿಯೇ ಉಳಿಯಿತು. ಹಗಲು ಓದು, ರಾತ್ರಿ ಅಭ್ಯಾಸ. ಟೀವಿಯ ಸದ್ದನ್ನು ಪೂರ್ತಿ ಅಡಗಿಸಿ ಕತ್ತಲಲ್ಲಿ ಕುಳಿತರೆ ಮನೆಯಲ್ಲಿ ಕೇಳಿಸುತ್ತಿದ್ದುದು ಗುಂಡಿಗಳ ಟಕಟಕ ಮಾತ್ರ. ಒಂದು ರಾತ್ರಿ ಅವ್ವ ಕೋಲು ಹಿಡಿದು ಬಂದಳು. ಅಟ್ಟದ ಕಾಯಿಗೆ ಇಲಿ ಬಿದ್ದಿದೆಯೆಂದು ಅವಳ ಗುಮಾನಿ. ಇಲಿಯನ್ನು ಕಂಡು, “ಥೂ, ನೀನೇನ್ಲಾ!” ಎಂದು ಕೋಲನ್ನು ಮೂಲೆಗಿಟ್ಟು ಹೋದಳು.

ಇನ್ನು ಮುಂದಿನದನ್ನು ನಗುತ್ತ ಬರೆಯಲಾರೆ.

ನಮ್ಮ ಕಡೆಯ ಉಂಡೆ ಕೊಬ್ಬರಿ ಆಗುವ ಬಗೆಯನ್ನು ಬೇರೆ ಕಡೆಯ ಮಿತ್ರರಿಗೆ ತಿಳಿಸಬೇಕು. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ನೆರಳಿನಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪನ್ನು ಬಿಟ್ಟು ಇಡಿಯಾಗಿ ನಿಲ್ಲುತ್ತದೆ. ಆಗ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದರೆ ಗುಡುಗುಡು ಎನ್ನುತ್ತದೆ. ಅದೇ ಗುರುತು. ಮುಂಚೆಯೇ ಸುಲಿದು ಒಡೆದರೆ ತಿರುಳು ಚಿಪ್ಪಿಗೆ ಅಂಟಿ ಚೂರಾಗುತ್ತದೆ, ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಸುಲಿದ ಕಾಯನ್ನು ಮತ್ತೆ ಅಟ್ಟಕ್ಕೆ ಏರಿಸುವಂತಿಲ್ಲ.

2023ರಲ್ಲಿ ನಾನು ಮೊದಲ ಬಿ.ಎ. ಕೇಂದ್ರ ಸರ್ಕಾರ ಆ ಹಂಗಾಮಿನ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಇಳಿದಿತ್ತು. ಒಂದೊಂದು ಕಾಯೂ ಲೆಕ್ಕಕ್ಕೆ ಬರುವ ವರ್ಷ. ಅಟ್ಟದ ಮೇಲೆ ಕುಳಿತು ಅಲ್ಲಾಡಿಸಿ ಆರಿಸುವ ಕೆಲಸವನ್ನು ಅಪ್ಪ ನನಗೆ ಒಪ್ಪಿಸಿದ. ಅವನಿಗೆ ಆಗ ಬೆನ್ನುನೋವು. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಮಿಂಚಿನ ಗುದ್ದನ್ನು ಬೆನ್ನಟ್ಟಿದ್ದವನು ನಾನು. ಕಣ್ಣು ಮುಚ್ಚಿಹೋಗುತ್ತಿತ್ತು. ಬೇಗ ಮುಗಿಸುವ ಆತುರದಲ್ಲಿ ಕೈಗೆ ಬಂದುದನ್ನು ಅರ್ಧ ಅಲ್ಲಾಡಿಸಿ ಕೆಳಕ್ಕೆ ಹಾಕಿದೆ. ಸುಲಿಯುವವರು ಸುಲಿದರು. ಮಧ್ಯಾಹ್ನ ಚಿಪ್ಪು ಒಡೆಯಲು ಕುಳಿತಾಗ ತಿಳಿಯಿತು: ಇನ್ನೂರಕ್ಕೂ ಹೆಚ್ಚು ಕಾಯಿ ಹಸಿ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಇಂದು ನನಗೆ ಇದು ನೆನಪಿರುತ್ತಿರಲಿಲ್ಲವೇನೋ. ಸಂಜೆ ಬೆನ್ನು ಹಿಡಿದುಕೊಂಡೇ ಅಟ್ಟಕ್ಕೆ ಹತ್ತಿಬಂದು, ಒಂದು ಕಾಯನ್ನು ತನ್ನ ಕಿವಿಗೆ ಹಿಡಿದು, ಆಮೇಲೆ ನನ್ನ ಕಿವಿಗೆ ಹಿಡಿದ. ಏನೋ ಸದ್ದಾಯಿತು. “ಆಯ್ತು” ಎಂದೆ. “ಇಲ್ಲ. ಇನ್ನೂ ಒಂದು ಕಡೆ ಕಚ್ಕಂಡೈತೆ” ಎಂದ. ಇನ್ನೊಂದನ್ನು ಹಿಡಿದ. “ಇದು ಆಯ್ತು. ಕೇಳು, ಸುತ್ತಾನೂ ಉಳ್ತೈತೆ.” ಹೀಗೆ ದೀಪ ಹಚ್ಚುವವರೆಗೂ. ಎರಡು ಸದ್ದುಗಳಿಗೂ ನಡುವಣ ಅಂತರ ಎಳ್ಳುಕಾಳಿನಷ್ಟು.

ನನ್ನ ಪರೀಕ್ಷೆಯ ಫೀಸನ್ನು ಆ ಸಲ ಅಪ್ಪ ಕೈಸಾಲ ತಂದು ಕಟ್ಟಿದನೆಂಬುದನ್ನು ಅವ್ವನಿಂದ ತಿಂಗಳ ಮೇಲೆ ಕೇಳಿದೆ. ಪೆಟ್ಟಿಗೆಯನ್ನು ಮಾರಿಬಿಡುತ್ತೇನೆಂದು ಅಪ್ಪನ ಮುಂದೆ ನಿಂತೆ. ಅವನು ಎಲೆಯಡಿಕೆ ಮೆಲ್ಲುತ್ತ, “ಅದನ್ನ ಮಾರಿದ್ರೆ ಕಾಯಿ ಒಣಗ್ತವಾ?” ಎಂದ. ಉತ್ತರ ನನ್ನಲ್ಲಿರಲಿಲ್ಲ. ಮಾರಲಿಲ್ಲ, ಆದರೆ ಆ ಹಂಗಾಮು ಮುಗಿಯುವವರೆಗೆ ಮುಟ್ಟಲೂ ಇಲ್ಲ. ದಿನವೂ ಅಟ್ಟದ ಮೇಲೆ ಕುಳಿತು ಕಾಯಿಗಳ ಮಾತು ಕೇಳಿದೆ.

ಮತ್ತೆ ಆಟಕ್ಕೆ ಕುಳಿತಾಗ ನನ್ನ ತಪ್ಪು ನನಗೇ ಕಂಡಿತು. ಅಭ್ಯಾಸದ ಕೋಣೆಯಲ್ಲಿ ಒತ್ತಿದ ಗುಂಡಿಗಳ ಪಟ್ಟಿ ಪರದೆಯ ಅಂಚಿನಲ್ಲಿ ಬರುತ್ತದೆ. ಇಷ್ಟು ಕಾಲವೂ ನಾನು ತಡವಾಯಿತೆಂದು ಹೆದರಿ ಗುದ್ದನ್ನು ಮೂಲೆಗಿಂತ ಮುಂಚೆಯೇ ಒತ್ತುತ್ತಿದ್ದೆ. ಹಸಿಗಾಯಿ! ವೇಗ ಸಾಲದೆಂದುಕೊಂಡಿದ್ದುದು ತಾಳ್ಮೆ ಸಾಲದುದಾಗಿತ್ತು. ಹತ್ತರಲ್ಲಿ ಮೂರು ಬರುತ್ತಿದ್ದ ಮಿಂಚು ಆರಕ್ಕೆ ಏರಿತು; ಈಗಲೂ ಏಳನ್ನು ದಾಟಿಲ್ಲ.

ಕಳೆದ ವರ್ಷ ತುಮಕೂರಿನಲ್ಲಿ ಕೆಲವು ಹುಡುಗರು ಸೇರಿ ನಡೆಸಿದ ಸಣ್ಣ ಪಂದ್ಯಕ್ಕೆ ಹೋಗಿದ್ದೆ. ಗೆದ್ದೆನೆಂದು ಬರೆಯಲು ಲೇಖನಿ ಒಪ್ಪದು. ಮೊದಲ ಸುತ್ತಿನಲ್ಲಿಯೇ ಸೋತೆ. ಆದರೆ ಒಮ್ಮೆ ಎದುರಾಳಿ ಮುನ್ನುಗ್ಗಿ ಬಂದ, ನಾನು ಮೂರು ನೆಗೆತ ಹಿಂದೆ ಸರಿದೆ, ಅವನ ಏಟು ಗಾಳಿಗೆ ಬಿತ್ತು, ಕಾದೆ, ಮಿಂಚು ಬಂತು. ಹಿಂದೆ ನಿಂತಿದ್ದವನೊಬ್ಬ “ಭಲೆ” ಎಂದ. ಬಸ್ಸಿನ ಖರ್ಚಿಗೆ ಅಷ್ಟು ಸಾಕಾಯಿತು.

ಈಗ ಹಂಗಾಮಿನಲ್ಲಿ ಕಾಯಿ ಆರಿಸುವ ಕೆಲಸ ನನ್ನದೇ. ಅಪ್ಪ ಕೆಳಗೆ ನಿಂತು ನಾನು ಹಾಕಿದ್ದರಲ್ಲಿ ಒಂದೆರಡನ್ನು ಎತ್ತಿ ಅಲ್ಲಾಡಿಸಿ ನೋಡುತ್ತಾನೆ, ಏನೂ ಹೇಳದೆ ಕೆಳಗಿಡುತ್ತಾನೆ. ಆ ಮೌನವೇ ನನಗೆ ಪ್ರಥಮ ದರ್ಜೆ. ರಾತ್ರಿ ಅರ್ಧ ಗಂಟೆ ಮಾತ್ರ ಆಟ. ಟಕಟಕ ನಿಂತೊಡನೆ ಒಳಗಿನಿಂದ ಅವ್ವನ ದನಿ ಬರುತ್ತದೆ:

“ಇಲಿ ಇವತ್ತು ಬೇಗ ಮಲಗ್ತೇನು?”