ಟ್ರಂಕಿನೊಳಗಿನ ಊರುಗಳು

ದಾವಣಗೆರೆಯ ಹಾಸ್ಟೆಲಿನಲ್ಲಿ ನಮಗೆ ಹೆಸರಿರಲಿಲ್ಲ, ಊರಿತ್ತು. ಚನ್ನಗಿರಿ, ನ್ಯಾಮತಿ, ಜಗಳೂರು, ಹೊನ್ನಾಳಿ. ಒಂದು ಕೋಣೆ, ನಾಲ್ಕು ತಗಡಿನ ಟ್ರಂಕು. ನಾನು ಹೊನ್ನಾಳಿ. ಅದು 1991ರ ಮಳೆಗಾಲ. ದಾವಣಗೆರೆ ಇನ್ನೂ ಜಿಲ್ಲೆಯಾಗಿರಲಿಲ್ಲ. ನಾವು ಮೂವರು ಶಿವಮೊಗ್ಗದ ಕಡೆಯವರು, ಜಗಳೂರಿನವನು ಚಿತ್ರದುರ್ಗದವನು. ನ್ಯಾಮತಿಯಂತೂ ಆಗ ತಾಲ್ಲೂಕೂ ಅಲ್ಲ, ಹೊನ್ನಾಳಿಗೆ ಸೇರಿದ ಹೋಬಳಿ. "ಇವನು ನಮ್ಮ ತಾಲ್ಲೂಕಿನವನು" ಎಂದಾಗಲೆಲ್ಲ ಅವನ ಮುಖ ಚಿಕ್ಕದಾಗುತ್ತಿತ್ತು. ನಾನೂ ಬೇಕೆಂದೇ ಅನ್ನುತ್ತಿದ್ದೆ.

ಊರಿಗೆ ಹೋಗಿ ಬಂದವರ ಟ್ರಂಕು ತೆರೆದರೆ ಕಣ್ಣು ಮುಚ್ಚಿಕೊಂಡೂ ಅದು ಯಾರದೆಂದು ಹೇಳಬಹುದಿತ್ತು. ನನ್ನದರಲ್ಲಿ ಅವಲಕ್ಕಿ, ತುಂಗಭದ್ರೆಯ ದಡದ ಗದ್ದೆಯ ಭತ್ತದ್ದು. ನ್ಯಾಮತಿಯವನ ಅವ್ವ ಕಟ್ಟಿಕೊಡುತ್ತಿದ್ದದ್ದು ಗುರೆಳ್ಳು ಚಟ್ನಿಪುಡಿ, ಹುರಿದ ರಾಗಿ ಹಿಟ್ಟು. ಚನ್ನಗಿರಿಯವನದು ಬಾಳೆಹಣ್ಣು, ಅದರಡಿ ವಾರ್ಡನ್ನರಿಗೆ ಕಾಣದಂತೆ ಒಂದು ಹಿಡಿ ಅಡಿಕೆ. ಜಗಳೂರಿನದು ಸಜ್ಜೆಯ ಖಡಕ್ ರೊಟ್ಟಿ, ಶೇಂಗಾ ಪುಡಿ. ಮಳೆ ಕೈಕೊಟ್ಟ ವರ್ಷ ಅವನ ಟ್ರಂಕು ಬರೀ ಬಟ್ಟೆಯೊಂದಿಗೆ ಬರುತ್ತಿತ್ತು. "ಹಸಿವಿಲ್ಲ" ಎಂದು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. "ಅವಲಕ್ಕಿ ಮುಗ್ಗಲು ಹಿಡಿಯುತ್ತೆ, ಖಾಲಿ ಮಾಡಲೇ" ಎಂದು ಬಯ್ದರಷ್ಟೇ ಏಳುತ್ತಿದ್ದ. ಹಳೆಯ ಕಾಲವೆಂದರೆ ಬರೀ ಸೊಗಸು ಎನ್ನುವವರನ್ನು ಕಂಡರೆ ನನಗೆ ಆ ಗೋಡೆ ನೆನಪಾಗುತ್ತದೆ.

ಆ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿದರು, ಮನಮೋಹನ ಸಿಂಗರ ಬಜೆಟ್ ಬಂತು. ನಮಗೆ ಅದಕ್ಕಿಂತ ಮೆಸ್ಸಿನ ಸಾರು ದೊಡ್ಡ ವಿಷಯ. ಜಗಳೂರಿನವನ ಅಣ್ಣ ಮಾತ್ರ ಹಸಿರು ಶಾಲು ಹೊದ್ದು ಬಂದಾಗೆಲ್ಲ ಡಂಕಲ್, ಡಂಕಲ್ ಎನ್ನುತ್ತಿದ್ದ. ಅದು ಯಾವುದೋ ಬೀಜದ ಕಂಪನಿ ಇರಬೇಕು ಅಂದುಕೊಂಡಿದ್ದೆವು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರೆಂಬ ಸುದ್ದಿ ಬಂದಾಗಲೇ ಪೇಪರ್ ಓದಿದ್ದು. ಡಂಕಲ್ ಎನ್ನುವುದು ಮನುಷ್ಯನ ಹೆಸರು, ಗ್ಯಾಟ್ ಎಂಬ ವ್ಯಾಪಾರ ಒಪ್ಪಂದದ ಮಾತುಕತೆಯ ಮುಖ್ಯಸ್ಥನದು ಎಂದು ಆಗ ತಿಳಿಯಿತು. ಆ ಹೊತ್ತಿಗೆ ನಾವು ಸಿನಿಮಾ ಬಿಟ್ಟಮೇಲೆ ನಾಲ್ವರ ನಡುವೆ ಒಂದು ಗೋಲ್ಡ್ ಸ್ಪಾಟ್ ಕುಡಿಯುತ್ತಿದ್ದೆವು. 1993ರಲ್ಲಿ ಕೋಕಾ ಕೋಲಾ ಅದನ್ನೂ ಕೊಂಡಿತು; ಕೆಲವು ವರ್ಷಗಳಲ್ಲಿ ಅದು ಅಂಗಡಿಯಿಂದಲೇ ಮಾಯ.

ಊರುಗಳಿಗೆ ಜಗತ್ತು ಬಂದದ್ದು ಮೆಕ್ಕೆಜೋಳದ ಚೀಲದಲ್ಲಿ. ಕೋಳಿ ಆಹಾರಕ್ಕೆ, ಸ್ಟಾರ್ಚಿಗೆ ಬೇಡಿಕೆ ಎದ್ದಿತು, ಕಂಪನಿಗಳ ಹೈಬ್ರಿಡ್ ಬೀಜ ಬಂತು. ಮುಂದೆ ವಿಯೆಟ್ನಾಂ, ಇಂಡೋನೇಷ್ಯಾಗಳಿಗೂ ಇಲ್ಲಿಂದ ಕಾಳು ಹಡಗು ಹತ್ತಿತು. ಜಗಳೂರಿನವನ ಹೊಲದಲ್ಲಿ ಸಜ್ಜೆ ಹೋಯಿತು, ಶೇಂಗಾ ಹೋಯಿತು. ನ್ಯಾಮತಿಯವನ ಗುರೆಳ್ಳಿನ ಸಾಲೂ ಹೋಯಿತು. ಅವರನ್ನು ದೂರಲು ನನಗೆ ಬಾಯಿಲ್ಲ. ಮೆಕ್ಕೆಜೋಳದ ದುಡ್ಡಿನಲ್ಲೇ ಜಗಳೂರಿನವನು ಬೋರು ಕೊರೆಸಿದ, ಮಗಳನ್ನು ಎಂಜಿನಿಯರಿಂಗ್ ಓದಿಸಿದ.

ಚನ್ನಗಿರಿಯದು ಬೇರೆ ಕಥೆ. ಗುಟ್ಕಾ ಪೊಟ್ಟಣಗಳು ಗೂಡಂಗಡಿಯಲ್ಲಿ ತೋರಣವಾಗಿ ತೂಗಿದ ಮೇಲೆ ಗದ್ದೆ, ಬೆದ್ದಲು ಎನ್ನದೆ ಅಡಿಕೆ ತೋಟ ಹಬ್ಬಿತು. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದಾಗ ಒಂದು ವಾರ ಅವನು ಫೋನು ಎತ್ತಲಿಲ್ಲ. ಹೈಸ್ಕೂಲಿನಲ್ಲಿ ಭೂಪಟದಲ್ಲಿ ಭೂತಾನ್ ತೋರಿಸಲಾರದೆ ಕಿವಿ ಹಿಂಡಿಸಿಕೊಂಡಿದ್ದೆ ಎಂದು ಅವನೇ ಹೇಳುತ್ತಿದ್ದ. ಈಗ ಅವನ ಬಾಯಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆ ಆಮದು, 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿದ ಕನಿಷ್ಠ ಆಮದು ದರ, ಎಲ್ಲ ಮಗ್ಗಿಯ ಹಾಗೆ.

2018ರಲ್ಲಿ ನ್ಯಾಮತಿ ತಾಲ್ಲೂಕಾಯಿತು. ರಾತ್ರಿ ಹನ್ನೊಂದಕ್ಕೆ ಫೋನು: "ಈಗ ಹೇಳಲೇ ಹೊನ್ನಾಳಿ, ಯಾರ ತಾಲ್ಲೂಕು?" ಇಪ್ಪತ್ತೇಳು ವರ್ಷ ಕಾದು ತೀರಿಸಿಕೊಂಡ ಸೇಡು. ಅದೇ ವರ್ಷದ ಮೇ ತಿಂಗಳಲ್ಲಿ, ಅವನ ಊರಿಗೆ ಅಷ್ಟೇನೂ ದೂರವಲ್ಲದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ, ದೇಶಕ್ಕೇ ಮೊದಲು ಫಾಲ್ ಸೈನಿಕ ಹುಳು ಕಂಡಿತ್ತು. ಹುಟ್ಟೂರು ಅಮೆರಿಕ ಖಂಡ, ಆಫ್ರಿಕಾ ದಾಟಿ ಬಂದದ್ದು. ಮಳೆಗಾಲದಲ್ಲಿ ಅದು ಅವನ ಹೊಲಕ್ಕೂ ಇಳಿದು ಸುಳಿ ತಿಂದಿತು. "ತಾಲ್ಲೂಕೂ ಬಂತು, ಹುಳಾನೂ ಬಂತು" ಎಂದು ನಕ್ಕ. ಆ ನಗುವಿನ ಹಿಂದೆ ಎಷ್ಟು ಚೀಲದ ನಷ್ಟವಿತ್ತೋ, ನಾನು ಕೇಳಲಿಲ್ಲ.

ಮೊನ್ನೆ ಚನ್ನಗಿರಿಯವನ ಮಗಳ ಮದುವೆಯಲ್ಲಿ ನಾಲ್ವರೂ ಸೇರಿದೆವು. ಊಟಕ್ಕೆ ಬೇಬಿ ಕಾರ್ನ್ ಮಂಚೂರಿ ಇತ್ತು. ನ್ಯಾಮತಿಯವನು ಅದನ್ನು ಎಲೆಯ ತುದಿಗೆ ಸರಿಸಿ, "ದಿನಾ ನೋಡಿ ನೋಡಿ ಸಾಕಾಗೈತೆ" ಎಂದ. ಆಮೇಲೆ ಚಪ್ಪರದ ಹಿಂದೆ ಕೂತಾಗ ಜಗಳೂರಿನವನು ಬ್ಯಾಗಿನಿಂದ ಹುರಿದ ಶೇಂಗಾದ ಪೊಟ್ಟಣ ತೆಗೆದ. ನಾನು ಮೂಸಿ ನೋಡಿದೆ.

"ನಮ್ಮ ಹೊಲದ್ದಲ್ಲ ಕಣಲೇ. ದಾವಣಗೆರೆ ಬಸ್‌ಸ್ಟ್ಯಾಂಡಿನಾಗೆ ತಗೊಂಡೆ."

"ಮುಗ್ಗಲು ಹಿಡಿಯೋಕೆ ಮುಂಚೆ ಖಾಲಿ ಮಾಡನ" ಎಂದ ಚನ್ನಗಿರಿ.