ಇಂಡಿಯಿಂದ ಮುದ್ದೇಬಿಹಾಳಕ್ಕೆ

ವಿಜಯಪುರ ಜಿಲ್ಲೆಯ ಮೂಡಣ ಭಾಗವನ್ನು ಬಸ್ಸಿನ ಕಿಟಕಿಯಿಂದ ಕಂಡವರು ಅನೇಕರು. ಆ ಎರೆನೆಲದ ಹರವು ಮನಸ್ಸಿಗಿಳಿಯಬೇಕಾದರೆ ದ್ವಿಚಕ್ರ ವಾಹನವೇ ತಕ್ಕುದು. ಪುಷ್ಯಮಾಸದಲ್ಲಿ ನನಗೆ ಅಂಥ ಯೋಗ ಒದಗಿತು. ದಿವಂಗತರಾದ ನನ್ನ ಶಿಕ್ಷಕ ಮಿತ್ರರೊಬ್ಬರ ಹಳೆಯ ಜಾವಾ ಇಂಡಿಯಲ್ಲಿ ಉಳಿದಿತ್ತು. ಅದನ್ನು ಗುಜರಿಗೆ ಹಾಕಬೇಕೆಂದು ಹಿರಿಯ ಮಗ, ಮನೆಗೆ ತರಬೇಕೆಂದು ತಾಯಿ. ಮುದ್ದೇಬಿಹಾಳದವರೆಗೆ ತನ್ನ ಬಲದಿಂದಲೇ ಓಡಿ ಬಂದರೆ ಇಟ್ಟುಕೊಳ್ಳುವುದೆಂದು ಮನೆಯಲ್ಲಿ ಮಾತಾಗಿತ್ತು. ಕಿರಿಯ ಮಗನ ಬೆನ್ನಹಿಂದೆ ನಾನು ಕುಳಿತೆ.

ಈ ವಾಹನ ನಮ್ಮ ನಾಡಿನದೇ. ಜೆಕ್ ದೇಶದ ಮಾದರಿಯನ್ನು ತಂದು ಐಡಿಯಲ್ ಜಾವಾ ಕಂಪನಿಯು 1961ರಲ್ಲಿ ಮೈಸೂರಿನಲ್ಲಿ ತಯಾರಿಕೆ ಆರಂಭಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗೇರು ಹಾಕುವ ಸನ್ನೆಯನ್ನೇ ಮೇಲೆತ್ತಿ ಕಿಕ್ ಒದೆಯುವ ಅದರ ಚಮತ್ಕಾರ ಹಳಬರಿಗೆ ನೆನಪಿರಬಹುದು.

ಇಂಡಿಯ ನಿಂಬೆ ತೋಟಗಳನ್ನು ದಾಟುತ್ತಲೇ ಎಂಜಿನ್ ದಮ್ಮು ಕಟ್ಟಿದವರಂತೆ ಏದುಸಿರು ಬಿಡತೊಡಗಿತು. ಸಿಂದಗಿಯನ್ನು ಹೇಗೋ ಮುಟ್ಟಿದೆವು. ಅಲ್ಲಿಯ ವೃದ್ಧ ಉಸ್ತಾದರು ಕೈಯನ್ನು ಹತ್ತಿರ ಒಯ್ದು ಶಾಖ ನೋಡಿ ದೂರ ಸರಿದರು. "ಗಡಬಡಿ ಮಾಡಬ್ಯಾಡ್ರಿ ಅಜ್ಜಾರ, ಬಿಸಿ ಇದ್ದಾಗ ಬಿಚ್ಚಿದ್ರ ಹೆಡ್ ಸೊಟ್ಟ ಆಗತೈತಿ" ಎಂದರು. ಎರಡು ತಾಸು ಕಾದೆವು.

ಬುಲೆಟ್ಟಿನ ಹೆಡ್ಡಿನಲ್ಲಿ ವಾಲ್ವುಗಳಿವೆ. ಅವುಗಳನ್ನು ಅರೆದು ಕೂರಿಸುವುದೇ ದೊಡ್ಡ ಕೆಲಸ. ಜಾವಾ ಎರಡು ಸ್ಟ್ರೋಕಿನದಾದ್ದರಿಂದ ವಾಲ್ವುಗಳೇ ಇಲ್ಲ. ಆದರೆ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆ ಪೂರ್ತಿ ಉರಿಯದೆ ಕಾರ್ಬನ್ ಆಗಿ ಹೆಡ್ಡಿನ ಒಳಗೋಡೆಗೂ ಪಿಸ್ಟನ್ನಿನ ನೆತ್ತಿಗೂ ಹೊಗೆ ಹೋಗುವ ಎರಡು ಬಾಯಿಗಳಿಗೂ ಮೆತ್ತಿಕೊಳ್ಳುತ್ತದೆ. ಅದು ಕೆಂಡವಾದರೆ ಕಿಡಿ ಹಾರುವ ಮೊದಲೇ ಪೆಟ್ರೋಲು ಹೊತ್ತಿ, ಎಂಜಿನ್ ಬಡಿದುಕೊಳ್ಳುತ್ತದೆ.

ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಎತ್ತಿದರು. ಅಂಚಿನಲ್ಲಿ ಒಂದೆಡೆ ಕಪ್ಪು ಗೆರೆ: ಅಲ್ಲಿಂದ ಗಾಳಿ ಸೋರಿತ್ತು. ಅದಕ್ಕಿಂತ ದೊಡ್ಡ ಕೇಡು ಪ್ಲಗ್ಗಿನ ಥ್ರೆಡ್ಡು ಸವೆದದ್ದು. ಹೊಸ ಹೆಡ್ ಹುಡುಕುವುದು ಸುಲಭವಲ್ಲ. ಹುಡುಗನ ಮುಖ ಬಾಡಿತು. ಉಸ್ತಾದರು ಮಾತಾಡದೆ ಹೆಡ್ಡನ್ನು ಪಕ್ಕದ ಲೇತಿನವನಿಗೆ ಕಳುಹಿಸಿ, 14 ಮಿಲಿಮೀಟರಿನ ಪ್ಲಗ್ಗಿಗೆ ಒಪ್ಪುವ ಬುಷ್ ಹಾಕಿಸಿದರು. ಆಮೇಲೆ ಸೀಮೆಎಣ್ಣೆಯಲ್ಲಿ ನೆನೆಸಿ, ಬಿದಿರಿನ ಚಕ್ಕೆಯಿಂದ ಕಾರ್ಬನ್ ಕೆರೆದರು. ಉಕ್ಕು ತಾಗಿದರೆ ಅಲ್ಯುಮಿನಿಯಂ ಗೀರಿಹೋಗುತ್ತದಂತೆ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಕಾಗದ ಹಾಸಿ ಹೆಡ್ಡನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುವಿ ತಿರುವಿ ಉಜ್ಜಿದರು. ಅಂಚೆಲ್ಲ ಒಂದೇ ಬಣ್ಣಕ್ಕೆ ಬಂದ ಮೇಲೆ ಹೊಸ ಗ್ಯಾಸ್ಕೆಟ್ ಇಟ್ಟು ಮುಚ್ಚಿದರು. ಶಾಸ್ತ್ರಗ್ರಂಥದ ಪ್ರತಿ ತಿದ್ದುವವನ ತಾಳ್ಮೆಯನ್ನು ನಾನು ಬಲ್ಲೆ. ಇದು ಅದಕ್ಕೆ ಕಡಿಮೆಯದಲ್ಲ.

ಮರುದಿನ ಮಡಿವಾಳ ಮಾಚಿದೇವರ ದೇವರಹಿಪ್ಪರಗಿಯನ್ನು ಹಾಯ್ದು, ಉಪ್ಪುನೀರಿನ ಡೋಣಿ ಹೊಳೆ ದಾಟಿ, ಬಸವಣ್ಣನವರ ಜನ್ಮಸ್ಥಳ ಬಸವನ ಬಾಗೇವಾಡಿಗೆ ಬಂದು ದರ್ಶನ ಪಡೆದೆವು. ಇಕ್ಕೆಲದಲ್ಲಿ ಬಿಳಿಜೋಳದ ತೆನೆ ಹಾಲುಗಟ್ಟಿತ್ತು. ಹೊಲವೊಂದರಲ್ಲಿ ಸೀತನಿ ಸುಟ್ಟುಕೊಟ್ಟವರ ಹೆಸರನ್ನೂ ಕೇಳಲಿಲ್ಲ. ಎಂಜಿನ್ ಮಾತ್ರ ಒಮ್ಮೆಯೂ ತಡವರಿಸಲಿಲ್ಲ.

ಮುದ್ದೇಬಿಹಾಳ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹಿರಿಯ ಮಗ ಹೊರಬಂದು, ಖರ್ಚೆಷ್ಟಾಯಿತೆಂದು ಕೇಳಿ, ತಾನೇ ಒಮ್ಮೆ ಕಿಕ್ ಒದೆದು ನೋಡಿದನು. ಗುಜರಿಯ ಮಾತು ಆ ರಾತ್ರಿ ಏಳಲಿಲ್ಲ. ಇನ್ನೂರು ಕಿಲೋಮೀಟರ್ ಓಡಿದ ಬಳಿಕ, ಎಂಜಿನ್ ತಣ್ಣಗಿರುವಾಗ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕೆಂದು ಉಸ್ತಾದರು ಚೀಟಿ ಬರೆದುಕೊಟ್ಟಿದ್ದರು. ತಾಯಿ ಅದನ್ನು ಮಡಚಿ ದೇವರ ಜಗುಲಿಯ ಮೇಲಿಟ್ಟರು.