ಬಣ್ಣದ ಕೆಳಗಿನ ತುಕ್ಕು

ನಿಮ್ಮ ಮನೆಯಲ್ಲಿಯೂ ಹಳೆಯ ಕಾರೊಂದಿದ್ದರೆ ಈ ಅನುಭವ ನಿಮಗೂ ಆಗಿರಬಹುದು. ಮನೆಯ ಮುಂದೆ ಹಟ ಹಿಡಿದು ನಿಂತ ಕಾರು, ಮೆಕ್ಯಾನಿಕ್ ಬಂದೊಡನೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುತ್ತದೆ. ಸದಾ ಇರುವ ದೋಷವನ್ನು ಹುಡುಕುವುದು ಸುಲಭ. ಬಂದು ಹೋಗುವ ದೋಷವಾದರೋ ನಮ್ಮ ತಾಳ್ಮೆಯನ್ನೂ, ಕೆಲವೊಮ್ಮೆ ನಮ್ಮ ಪ್ರೀತಿಯನ್ನೂ ಪರೀಕ್ಷಿಸುತ್ತದೆ.

ಇಪ್ಪತ್ತು ವರ್ಷ ದಾಟಿದ ನಮ್ಮ ಕಾರು ಕಳೆದ ಮಳೆಗಾಲದಲ್ಲಿ ಹೀಗೆ ಕಾಡತೊಡಗಿತು. ಕೀಲಿ ತಿರುಗಿಸಿದರೆ ಕೆಲವೊಮ್ಮೆ 'ಟಕ್' ಎಂಬ ಒಂದು ಶಬ್ದ, ಅಷ್ಟೇ. ಒಂದು ರಾತ್ರಿ ಉಸಿರಾಟದ ತೊಂದರೆಯಿಂದ ಬಳಲುತ್ತಿದ್ದ ನನ್ನ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗಲೂ ಹಾಗೆಯೇ ಆಯಿತು. ನೆರೆಯವರ ಆಟೋ ಒದಗಿ ಬಂತು. ದೇವರ ದಯೆಯಿಂದ ತಾಯಿ ಚೇತರಿಸಿಕೊಂಡರು. ಆದರೆ ಅಂದು ಆಸ್ಪತ್ರೆಯಲ್ಲಿಯೇ ನಾನು ಮಗನ ಮೇಲೆ ಹರಿಹಾಯ್ದೆ. ಮಳೆಗಾಲಕ್ಕೆ ಮುಂಚೆ ಅವನು ಕಾರಿಗೆ ಸ್ಟೀರಿಯೊ ಹಾಕಿಸಿದ್ದ. "ನಿನ್ನ ಶೋಕಿಗೆ ಅಜ್ಜಿಯ ಜೀವ ಹೋಗುತ್ತಿತ್ತು" ಎಂದುಬಿಟ್ಟೆ. ಅವನು ಎದುರಾಡಲಿಲ್ಲ, ಮರುದಿನವೇ ಅದನ್ನು ತೆಗೆಸಿದ. ಅಂದಿನಿಂದ ಸಂಜೆಯ ಜಪಸರಕ್ಕೆ ಒಟ್ಟಿಗೆ ಕುಳಿತರೂ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಸ್ಟೀರಿಯೊ ಹೋಯಿತು, ದೋಷ ಹೋಗಲಿಲ್ಲ. ಹೊಸ ಬ್ಯಾಟರಿ ಹಾಕಿಸಿದೆ, ಸ್ಟಾರ್ಟರ್ ಮೋಟಾರು ಬಿಚ್ಚಿಸಿದೆ. ಕೊನೆಗೆ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಹೋದೆ. ಅವರು ಸ್ಪಾನರ್ ಹಿಡಿಯುವ ಮೊದಲು ಪ್ರಶ್ನೆ ಕೇಳಿದರು: ಯಾವಾಗ ಕೆಡುತ್ತದೆ? ಆಗ ಬೇರೇನು ಕಾಣುತ್ತದೆ? ಹೆಡ್‌ಲೈಟ್ ಹಾಕಿದಾಗ ಪೆಟ್ರೋಲ್ ಮುಳ್ಳು ನಡುಗುವುದು ನನಗೆ ನೆನಪಾಯಿತು. "ಸಂಬಂಧವಿಲ್ಲದ ಎರಡು ಕಡೆ ತೊಂದರೆ ಕಂಡರೆ, ಎರಡಕ್ಕೂ ಸೇರಿದ ಜಾಗ ನೋಡಬೇಕು ಸಾರ್" ಎಂದರು. ಕಾರಿನಲ್ಲಿ ವಿದ್ಯುತ್ತು ತಂತಿಯ ಮೂಲಕ ಹೋಗಿ, ಕಾರಿನ ಲೋಹದ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಅದನ್ನೇ ಅರ್ತ್ ಎನ್ನುತ್ತಾರೆ.

ಬ್ಯಾಟರಿ ಅಳೆದಾಗ ಮೀಟರು 12.6 ವೋಲ್ಟ್ ತೋರಿಸಿತು. "ಸುಮ್ಮನಿರುವಾಗ ಎಲ್ಲವೂ ಸರಿಯೇ. ಒಂದೇ ಎಳೆ ಉಳಿದ ತಂತಿಯೂ ಮೀಟರಿಗೆ ಪೂರ್ತಿ ವೋಲ್ಟ್ ತೋರಿಸುತ್ತದೆ. ಭಾರ ಬಿದ್ದಾಗಲೇ ನಿಜ ತಿಳಿಯುವುದು" ಎಂದು, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ನಿಗೂ ಹಿಡಿದರು. ಜೊತೆಗೆ ಬಂದಿದ್ದ ಮಗ ಕೀಲಿ ತಿರುಗಿಸಿದ. ಮೂರು ಬಾರಿ ಚಾಲೂ ಆಯಿತು. ನಾಲ್ಕನೆಯ ಬಾರಿ 'ಟಕ್'. ಅರ್ಧ ವೋಲ್ಟ್ ಕೂಡ ದಾಟಬಾರದಿದ್ದ ಮೀಟರು ಆರನ್ನು ದಾಟಿತ್ತು.

ಅವರು ಒಂದೊಂದೇ ಜೋಡಣೆಯನ್ನು ಅಳೆಯುತ್ತಾ ಬಂದು, ಅರ್ತ್ ವೈರು ಕಾರಿನ ಮೈಗೆ ಸೇರುವ ಬೋಲ್ಟನ್ನು ಬಿಚ್ಚಿದರು. ಅದರ ಕೆಳಗೆ ಹೊಳೆಯುವ ಲೋಹವಿರಲಿಲ್ಲ, ಕಪ್ಪು ಬಣ್ಣವಿತ್ತು. ಬಣ್ಣದ ಕೆಳಗೆ ತುಕ್ಕು. ಓದುಗರೇ, ಆ ಬಣ್ಣ ಬಳಿದವನು ನಾನೇ. ಬೇಸಿಗೆಯಲ್ಲಿ ಅಲ್ಲಿ ತುಕ್ಕು ಕಂಡಾಗ, ಉಜ್ಜಿ ತೆಗೆಯುವ ಶ್ರಮವೇಕೆಂದು ಮೇಲೆ ಬಣ್ಣ ಬಳಿದು, ಅದರ ಮೇಲೆಯೇ ವೈರನ್ನು ಬಿಗಿದಿದ್ದೆ. ಬಣ್ಣದ ಮೂಲಕ ವಿದ್ಯುತ್ತು ಹರಿಯದು. ಮಗ ಅದನ್ನು ನೋಡಿದ, ನನ್ನನ್ನೂ ನೋಡಿದ, ಏನೂ ಹೇಳಲಿಲ್ಲ.

ಎಮರಿ ಕಾಗದದಿಂದ ಉಜ್ಜಿ, ಬೋಲ್ಟನ್ನು ಬಿಗಿದು, ತೇವ ತಾಗದಂತೆ ಮೇಲೆ ಗ್ರೀಸ್ ಸವರುವುದಕ್ಕೆ ಕಾಲು ಗಂಟೆಯೂ ಹಿಡಿಯಲಿಲ್ಲ. ಮಗನ ಬಳಿ ಕ್ಷಮೆ ಕೇಳಲು ನನಗೆ ನಾಲ್ಕು ದಿನ ಹಿಡಿಯಿತು. ಸಹೋದರನೊಡನೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂಬ ಪ್ರಭುವಿನ ಬೋಧನೆಯನ್ನು ಎಷ್ಟು ಬಾರಿ ಕೇಳಿದ್ದೆನೋ! ಭಾನುವಾರ ದೇವಾಲಯದ ಅಂಗಳದಲ್ಲಿ ಅವನ ಕೈ ಹಿಡಿದು, "ತಪ್ಪು ನನ್ನದಪ್ಪ" ಎಂದೆ. "ಆಯ್ತು ಅಪ್ಪ, ಬನ್ನಿ, ಅಜ್ಜಿ ನಿಂತೇ ಇದ್ದಾರೆ" ಎಂದ.

ಬಲಿಪೂಜೆಯಲ್ಲಿ ಶಾಂತವಾಗಿ ಕುಳಿತಾಗ ನಾವೆಲ್ಲರೂ 12.6 ವೋಲ್ಟ್ ತೋರಿಸುವವರೇ. ಭಾರ ಬಿದ್ದ ರಾತ್ರಿಯಲ್ಲಿ ನಮ್ಮ ನಾಲಿಗೆಯಿಂದ ಹೊರಡುವ ಮಾತೇ ನಮ್ಮ ನಿಜವಾದ ಅಳತೆ. ಮನೆಯಲ್ಲಿ ಏನಾದರೂ ಕೆಟ್ಟಾಗ, ಇನ್ನೊಬ್ಬರತ್ತ ಬೆರಳು ತೋರಿಸುವ ಮುನ್ನ, ನಾವು ಎಲ್ಲಿ ಬಣ್ಣ ಬಳಿದಿದ್ದೇವೆಂದು ಒಮ್ಮೆ ನೋಡಿಕೊಳ್ಳೋಣ. ಅದನ್ನು ಉಜ್ಜಿ ತೆಗೆಯುವ ಧೈರ್ಯವನ್ನು ಪ್ರಭು ನಮಗೆ ದಯಪಾಲಿಸಲಿ.